ಜ್ಯೋತಿ ಮೇಡಂ ಹೇಳಿದ್ದು

ತಲೆದಿಂಬಿನ ಅಡಿಯಲ್ಲಿ ಫೋನು ಟಿಣ್ ಎಂದಾಗ ಹನ್ನೊಂದೂವರೆ ದಾಟಿತ್ತು. ದಿಂಬಿನ ಹತ್ತಿ ಆ ಸದ್ದನ್ನು ಅರ್ಧ ನುಂಗಿಕೊಂಡಿದ್ದರೂ ಜ್ಯೋತಿಲಕ್ಷ್ಮಿಗೆ ಎಚ್ಚರವಾಯಿತು. ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡ ಮುನಿರಾಜುವಿನ ಸದ್ದಿಗೆ ಏಳದವಳು ಈ ಸದ್ದಿಗೆ ಏಳುತ್ತಿದ್ದಳು. ಯಾರಿಗೋ ಏನೋ ತಿಳಿಯುತ್ತಿಲ್ಲ, ತನ್ನನ್ನು ಕೇಳುತ್ತಿದ್ದಾರೆ ಎಂಬುದು ಅದರ ಅರ್ಥ.

ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡು, ಬೆಳಕು ಆಚೆ ಬೀಳದ ಹಾಗೆ ನೋಡಿದಳು. ಬ್ಯಾಡರಹಳ್ಳಿಯ ಕಲಾ. ತಾರಸಿಯಲ್ಲಿ ಬಿಟ್ಟ ಸೋರೆಕಾಯಿಯ ಫೋಟೋ ಹಾಕಿ ಕೇಳಿದ್ದಳು: ಮಾವನವರಿಗೆ ಸಕ್ಕರೆ ಕಾಯಿಲೆ, ದಿನಾ ಏಳು ಗಂಟೆಗೆ ಅವರು ವಾಕಿಂಗ್ ಮುಗಿಸಿ ಬಂದ ಮೇಲೆ ಸೋರೆಕಾಯಿ ಜ್ಯೂಸು ಕೊಡುತ್ತೇನೆ, ಇವತ್ತು ಕಿತ್ತ ಕಾಯಿಯ ಚೂರು ಬಾಯಿಗೆ ಹಾಕಿಕೊಂಡರೆ ಕಹಿ, ಏನು ಮಾಡಲಿ ಮೇಡಂ.

‘ಕೇಳಿದ್ರೆ ಹೇಳ್ತೀವಿ’ ಎಂಬ ಆ ಗುಂಪಿನಲ್ಲಿ ಮೂವತ್ತೆರಡು ಸಾವಿರ ಜನರಿದ್ದರು. ಹೇಳುವವರು ಹತ್ತಾರು ಮಂದಿ ಇದ್ದರೂ ಜ್ಯೋತಿಲಕ್ಷ್ಮಿಯ ಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರವಿತ್ತು. ಇಡ್ಲಿ ಹಿಟ್ಟು ಉಬ್ಬದಿದ್ದರೆ, ಫೋನಿನಲ್ಲಿ ಜಾಗ ಸಾಲದಿದ್ದರೆ, ಕ್ರೋಶಾ ಹೆಣೆಯುವಾಗ ಅಂಚು ಮುದುರಿಕೊಂಡರೆ ಜನ ಅವಳ ಹೆಸರು ಹಾಕಿಯೇ ಕೇಳುತ್ತಿದ್ದರು. ಬರೆದರೆ ಸಾಲದೆನಿಸಿದಾಗ ಅವಳು ಧ್ವನಿಯಲ್ಲಿ ಹೇಳಿ ಕಳಿಸುತ್ತಿದ್ದಳು. ವಿಜಯನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಮದುವೆಯಾಗಿ ಹೆಗ್ಗನಹಳ್ಳಿಯ ಈ ಮಹಡಿ ಮನೆಗೆ ಬಂದ ಮೇಲೆ ಅವಳನ್ನು ಯಾರಾದರೂ ಏನಾದರೂ ಕೇಳಿದ್ದು ಅಲ್ಲೊಂದೇ ಕಡೆ. ಮನೆಯಲ್ಲಿ ಕೇಳುತ್ತಿದ್ದದ್ದು ಟವೆಲ್ ಎಲ್ಲಿ ಎಂದು. ಮುನಿರಾಜು ಪೀಣ್ಯದ ಕಾರ್ಖಾನೆಯಿಂದ ಬಂದು ಶೂ ಬಿಚ್ಚುತ್ತಾ, “ಏನ್ ಮೇಡಂ, ಇವತ್ತು ಎಷ್ಟು ಸಂಸಾರ ಉದ್ಧಾರ ಆದ್ವು?” ಎಂದು ಆಡಿಕೊಳ್ಳುವುದು ದಿನದ ರೂಢಿ.

ಕಣ್ಣು ಅರ್ಧ ಮುಚ್ಚಿಕೊಂಡೇ ಬರೆದಳು. ಕಾಯಿಯ ತೊಟ್ಟಿನ ಕಡೆ ಒಂದು ಬಿಲ್ಲೆ ಕುಯ್ದು, ಉಪ್ಪು ಹಚ್ಚಿ, ಕುಯ್ದ ಬಿಲ್ಲೆಯನ್ನು ಅದೇ ಜಾಗಕ್ಕೆ ಇಟ್ಟು ಗುಂಡಗೆ ಉಜ್ಜಿ. ಬಿಳೀ ನೊರೆ ಬರುತ್ತದೆ, ಅದರ ಜೊತೆ ಕಹಿಯೂ ಹೋಗುತ್ತದೆ. ಇನ್ನೂ ಕೊಂಚ ಉಳಿದರೆ ಪುದೀನ, ನಿಂಬೆಹಣ್ಣು ಹಿಂಡಿ. ಸಕ್ಕರೆ ಕಾಯಿಲೆಯವರಿಗೆ ಕಹಿ ಒಳ್ಳೆಯದೇ. ಕಳಿಸಿದ ಒಂದು ನಿಮಿಷಕ್ಕೆ ಕಲಾ ಹೃದಯದ ಚಿಹ್ನೆ ಒತ್ತಿದಳು. ಜ್ಯೋತಿಲಕ್ಷ್ಮಿ ನೆಮ್ಮದಿಯಾಗಿ ಮಲಗಿದಳು.

ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಕೋಸಂಬರಿಗೆಂದು ಸೌತೆಕಾಯಿ ತೆಗೆದಳು. ತೊಟ್ಟು ಕುಯ್ದು ಉಜ್ಜತೊಡಗಿದಳು. ಅಮ್ಮ ಕಲಿಸಿದ್ದು, ಅಮ್ಮನಿಗೆ ಅಜ್ಜಿ ಕಲಿಸಿದ್ದು. ಕೈ ಯೋಚನೆ ಮಾಡದೆ ಮಾಡುವ ಕೆಲಸ. ನೊರೆ ಬಂತು. ಅದನ್ನು ನೋಡುತ್ತಿದ್ದಂತೆ ಬೆರಳು ನಿಂತಿತು. ರಾತ್ರಿ ತಾನು ಹೇಳಿದ್ದು ಇದನ್ನೇ. ಆದರೆ ಕಲಾ ಕೇಳಿದ್ದು ಸೌತೆಕಾಯಿಯ ವಿಷಯವಲ್ಲ.

ಎರಡನೇ ವರ್ಷದ ಪ್ರಯೋಗಾಲಯ ಕಣ್ಣ ಮುಂದೆ ಬಂತು. ಬೇಲಿಯ ಮೇಲೆ ಬೆಳೆದ ಕಾಡು ಸೋರೆಯನ್ನು ಮೇಜಿನ ಮೇಲಿಟ್ಟು ಮೇಷ್ಟ್ರು ಹೇಳಿದ್ದರು, ಇದೇ ಕಹಿ ನಿಮ್ಮ ಮನೆಯ ಸೋರೆಗೂ ಬರಬಹುದು, ಬಂದರೆ ಉಪ್ಪಿಗೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ, ಅದು ವಿಷ, ಒಂದು ಲೋಟ ಸಾಕು. ಅದರ ಹೆಸರನ್ನು ಪರೀಕ್ಷೆಯಲ್ಲಿ ಬರೆದು ಅವಳು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಬೀಜ ಕೊಳ್ಳಬೇಡಿ, ನಿಮ್ಮದೇ ಕಾಯಿಯನ್ನು ಬಲಿಯಲು ಬಿಟ್ಟು ಬೀಜ ಎತ್ತಿಟ್ಟುಕೊಳ್ಳಿ ಎಂದು ಹೋದ ವರ್ಷ ಕಲಾಗೆ ಹೇಳಿದವಳೂ ಅವಳೇ. ಯಾವ ಬೇಲಿಯ ಹೂವಿನ ಪರಾಗವನ್ನು ಯಾವ ದುಂಬಿ ಆ ತಾರಸಿಗೆ ತಂದಿತ್ತೋ.

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ಎತ್ತಿದಳು. ಬೆರಳು ಮೊದಲು ಮಾಡಿದ ಕೆಲಸ ಎಚ್ಚರಿಕೆ ಬರೆಯುವುದಾಗಿರಲಿಲ್ಲ. ಅದು ರಾತ್ರಿಯ ಉತ್ತರವನ್ನು ಒತ್ತಿ ಹಿಡಿದು ಅಳಿಸಿಹಾಕಿತು. ಆಮೇಲೆ ಬರೆದಳು: ಕಹಿ ಸೋರೆಕಾಯಿ ವಿಷ, ಯಾರೂ ಕುಡಿಯಬೇಡಿ, ಕಲಾ ಅವರೇ, ತಕ್ಷಣ ಚೆಲ್ಲಿಬಿಡಿ. ಈ ಹಿಂದು ಮುಂದು ಅವಳ ಗಮನಕ್ಕೆ ಬಂತು. ಅದರ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ.

ಸಂದೇಶವನ್ನು ಯಾರೂ ನೋಡಲಿಲ್ಲ. ಆಪ್‌ನಲ್ಲೇ ಕರೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ನಾಲ್ಕನೇ ಸಲಕ್ಕೆ ನೆನಪಾಯಿತು. ಗುಂಪಿನ ಸದ್ದಿಗೆ ಮಾವನವರ ನಿದ್ದೆ ಕೆಡುತ್ತದೆ ಎಂದು ಕಲಾ ಹತ್ತು ದಿನದ ಕೆಳಗೆ ಕೇಳಿದ್ದಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಫೋನಿನಿಂದ ಯಾವ ಸದ್ದೂ ಬರದ ಹಾಗೆ ಇಡುವುದು ಹೇಗೆಂದು ಇವಳೇ ಹಂತ ಹಂತವಾಗಿ ಧ್ವನಿಯಲ್ಲಿ ಹೇಳಿಕೊಟ್ಟಿದ್ದಳು. ಕೊನೆಗೆ, “ಇನ್ನು ಪ್ರಪಂಚ ಮುಳುಗಿದ್ರೂ ನಿಮ್ಮ ಫೋನು ಸದ್ದು ಮಾಡಲ್ಲ ನೋಡಿ” ಎಂದು ನಕ್ಕಿದ್ದಳು ಕೂಡ.

ಏಳಕ್ಕೆ ಇನ್ನೂ ಒಂದು ಗಂಟೆ ಇತ್ತು. ಕಲಾಳ ನಂಬರು ಗೊತ್ತಿರಲಿಲ್ಲ, ವಿಳಾಸ ಗೊತ್ತಿರಲಿಲ್ಲ. ಹಳೆಯ ಪ್ರಶ್ನೆಗಳನ್ನೆಲ್ಲ ಹಿಂದಕ್ಕೆ ಎಳೆದು ನೋಡಿದಳು. ಕುರಿಗೊಬ್ಬರ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ, ನಮ್ಮ ಮನೆ ಹಿಟ್ಟಿನ ಮಿಲ್ಲಿನ ಹಿಂದುಗಡೆ ಎಂದು ಒಂದು ಕಡೆ ಬರೆದಿದ್ದಳು. ತಾರಸಿಯ ಫೋಟೋದಲ್ಲಿ ಬಳ್ಳಿಯ ಚಪ್ಪರ, ಅದರಾಚೆ ಹಸಿರು ಬಲೆ ಹೊದ್ದ, ಕಟ್ಟುತ್ತಿರುವ ಮೂರು ಮಹಡಿಯ ಮನೆ. ಅಷ್ಟೇ.

ಮುನಿರಾಜು ಹಲ್ಲುಜ್ಜುತ್ತಿದ್ದ. ಹೂವು ತರಬೇಕು, ಈಗ ಬಂದೆ ಎಂದು ಬಾಗಿಲಿನಿಂದಲೇ ಹೇಳಿ ಚಪ್ಪಲಿ ಮೆಟ್ಟಿದಳು. ಇಷ್ಟು ಬೇಗ ಯಾವ ಹಬ್ಬ ಎಂದು ಅವನು ನೊರೆ ಬಾಯಲ್ಲೇ ಕೇಳುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಆಟೋದವನು ಸುಂಕದಕಟ್ಟೆಯವರೆಗೆ ನಿಧಾನವಾಗಿಯೇ ಹೋದ. ಇವಳು ಸೀಟಿನ ಅಂಚಿಗೆ ಬಂದು, ಮುಂದಿನ ಕಂಬಿ ಹಿಡಿದು, ಬೇಗ ಅಣ್ಣ, ಬೇಗ ಎನ್ನುತ್ತಿದ್ದದ್ದನ್ನು ಕನ್ನಡಿಯಲ್ಲಿ ನೋಡಿದವನು ಕೊನೆಗೆ, “ಡೆಲಿವರಿ ಕೇಸಾ ಆಂಟಿ?” ಎಂದ. ಅವಳು ಹೂಂ ಎಂದಳು. ಅವನು ಮಾಗಡಿ ರಸ್ತೆಯ ಗುಂಡಿಗಳನ್ನು ಲೆಕ್ಕಿಸದೆ ಓಡಿಸಿದ. ಬಸ್ಸುಗಳ ನಡುವೆ ತೂರಿದ. ಸುಳ್ಳಿಗೆ ಇಷ್ಟು ಬೇಗ ದಾರಿ ಸಿಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬ್ಯಾಡರಹಳ್ಳಿಯಲ್ಲಿ ಇಳಿದಾಗ ಆರೂಮೂವತ್ತೈದು. ಟೀ ಅಂಗಡಿಯವನನ್ನು ಹಿಟ್ಟಿನ ಮಿಲ್ಲು ಎಲ್ಲಿ ಎಂದು ಕೇಳಿದಳು.

“ಮೂರವೆ ಆಂಟಿ. ನಿಮ್ಗೆ ರಾಗಿ ಬೀಸೋದಾ, ಖಾರದ ಪುಡಿದಾ?”

ಎಲ್ಲಿ ಮನೆ ಕಟ್ಟುತ್ತಿದ್ದಾರೆ, ಹಸಿರು ಬಲೆ ಹಾಕಿದ್ದಾರೆ ಎಂದು ಕೇಳಿದಳು. ಅವನು ನಕ್ಕು, ಇಲ್ಲಿ ಮನೆ ಕಟ್ಟದೆ ಇರೋ ಬೀದಿ ಯಾವುದಿದೆ ಹೇಳಿ ಎಂದ. ಕಲಾ ಅಂತ, ಮಾವನವರು ವಯಸ್ಸಾದವರು, ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ ಎನ್ನುವಾಗ ತನ್ನ ದನಿ ಒಡೆಯುತ್ತಿರುವುದು ಅವಳಿಗೇ ಕೇಳಿಸಿತು. ಅವನು ನಗುವುದನ್ನು ನಿಲ್ಲಿಸಿದ.

ಮೊದಲ ಮಿಲ್ಲಿನ ಹಿಂದೆ ತಾರಸಿಗಳಲ್ಲಿ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡನೆಯದರ ಹತ್ತಿರ ನಾಯಿಯೊಂದು ಅಟ್ಟಿಸಿಕೊಂಡು ಬಂತು. ರಂಗೋಲಿ ಹಾಕುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದಳು, ಹಾಲಿನ ಕ್ಯಾನು ಇಳಿಸುತ್ತಿದ್ದವನನ್ನು ಕೇಳಿದಳು. ಬೇರೆಯವರು ತನ್ನನ್ನು ಕೇಳುವುದು, ತಾನು ಹೇಳುವುದು, ಇಷ್ಟೇ ಅವಳಿಗೆ ರೂಢಿ. ಹೀಗೆ ಒಬ್ಬೊಬ್ಬರ ಮುಂದೆ ನಿಂತು, ಅವರ ಮುಖವನ್ನೇ ನೋಡುತ್ತಾ, ಅವರು ಗೊತ್ತಿಲ್ಲ ಎನ್ನುವುದನ್ನು ಕೇಳಿ ಮುಂದೆ ಓಡುವುದು ಇದೇ ಮೊದಲು. ಏಳಕ್ಕೆ ಎಂಟು ನಿಮಿಷ. ಫೋನು ನೋಡಿದಳು. ಸಂದೇಶ ಹಾಗೇ ಇತ್ತು.

ಮೂರನೇ ಮಿಲ್ಲಿನ ಹಿಂದಿನ ಓಣಿಯಲ್ಲಿ ತಲೆಯೆತ್ತಿದಾಗ ಕಂಡಿತು. ಹಸಿರು ಬಲೆ, ಅದರ ಈಚೆ ಒಂದು ಮಹಡಿಯ ಹಳೆಯ ಮನೆ, ಅದರ ಪ್ಯಾರಾಪೆಟ್ ದಾಟಿ ಇಣುಕುತ್ತಿದ್ದ ಸೋರೆಬಳ್ಳಿ. ಗೇಟಿನೊಳಗೆ, ಮೆಟ್ಟಿಲ ಮೇಲೆ, ತಲೆಗೆ ಮಫ್ಲರ್ ಸುತ್ತಿಕೊಂಡ ಮುದುಕರೊಬ್ಬರು ಕ್ಯಾನ್ವಾಸ್ ಶೂ ಬಿಚ್ಚುತ್ತಾ ಕೂತಿದ್ದರು. ಪಕ್ಕದಲ್ಲಿ ಸ್ಟೀಲಿನ ಲೋಟ. ಲೋಟದಲ್ಲಿ ತಿಳಿ ಹಸಿರು, ಮೇಲೆ ಒಂದು ಪುದೀನದ ಎಲೆ.

ಅವಳು ಗೇಟು ತಳ್ಳಿಕೊಂಡು ಒಳಗೆ ಹೋಗಿ, ಲೋಟ ಎತ್ತಿಕೊಂಡು ಚರಂಡಿಗೆ ಸುರಿದಳು.

“ಯಾರವ್ವ ನೀನು?” ಎಂದರು ಅವರು. ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

“ಕುಡಿದ್ರಾ? ನೀವು ಕುಡಿದ್ರಾ?”

“ಈಗ್ತಾನೆ ಬಂದಿವ್ನಿ. ಶೂ ಬಿಚ್ಚಕ್ಕೆ ಬಿಡ್ಬೇಕಲ್ಲವ್ವ.”

ಅವಳು ಖಾಲಿ ಲೋಟವನ್ನು ಮೆಟ್ಟಿಲ ಮೇಲೆ ಬೋರಲಿಟ್ಟಳು. ಆಗಲೇ ಒಳಗಿನಿಂದ ವಾಂತಿಯ ಸದ್ದು ಕೇಳಿಸಿತು. ಖಾಲಿ ಹೊಟ್ಟೆ ಮೇಲಕ್ಕೆ ಬರುವ, ಮುಗಿಯದ ಸದ್ದು. ಮುದುಕರು, ಅವರ ಹೆಸರು ಗುರುಸಿದ್ದಯ್ಯ ಎಂದು ಆಮೇಲೆ ತಿಳಿಯಿತು, ಬಾಗಿಲ ಕಡೆ ತಿರುಗಿ, ಸೊಸೆ ಈ ಲೋಟ ಇಟ್ಟವಳೇ ಒಳಕ್ಕೆ ಓಡಿದಳು, ಆಗಲಿಂದ ಹಿಂಗೇ ಆಗ್ತಾ ಇದೆ, ಪಿತ್ತ ಇರಬೇಕು ಎಂದರು.

ಬಚ್ಚಲಿನ ನೆಲದ ಮೇಲೆ ಕಲಾ ಕೂತಿದ್ದಳು. ಮೂವತ್ತರ ಆಸುಪಾಸು. ಗುಂಪಿನಲ್ಲಿ ಅವಳ ಹೆಸರಿನ ಜೊತೆ ಇದ್ದದ್ದು ದಾಸವಾಳದ ಚಿತ್ರ, ಮುಖ ನೋಡಿದ್ದು ಇದೇ ಮೊದಲು. ಮುಖ ಸುಣ್ಣದ ಹಾಗಿತ್ತು, ಹಣೆಯ ಮೇಲೆ ಬೆವರು. ತೊಟ್ಟು ಉಜ್ಜಿದ ಮೇಲೂ ಕಹಿ ಇದ್ದಿದ್ದರಿಂದ, ಮಾವನಿಗೆ ಕೊಡುವ ಮೊದಲು ತಾನು ನೋಡೋಣವೆಂದು ಅರ್ಧ ಲೋಟ ಕುಡಿದಿದ್ದಳು. ನಿಂಬೆಹಣ್ಣು ಹಿಂಡಿ, ಸರಿಯಾಯಿತೇ ಎಂದು ನೋಡಲು ಮತ್ತರ್ಧ ಲೋಟ. ಇಷ್ಟನ್ನು ಹೇಳುವುದರೊಳಗೆ ಎರಡು ಸಲ ಬಕೆಟ್ಟಿನ ಮೇಲೆ ಬಗ್ಗಿದಳು. ಎರಡನೇ ಸಲ ಬಂದದ್ದರಲ್ಲಿ ಕೆಂಪು ಎಳೆ ಇತ್ತು.

ಗಂಡ ಚನ್ನಮಲ್ಲಪ್ಪ ಸ್ಕೂಲ್ ವ್ಯಾನ್ ಓಡಿಸುವವನು. ಮಕ್ಕಳನ್ನು ಕರೆತರಲು ಹೋಗಿದ್ದ, ಓಡಿಸುವಾಗ ಫೋನು ಎತ್ತುವುದಿಲ್ಲ. ಜ್ಯೋತಿಲಕ್ಷ್ಮಿ ಬೀದಿಗೆ ಓಡಿ ಆಟೋ ತಂದಳು. ಕಲಾಳ ತೋಳನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು ಕೂರಿಸಿದಳು. ಗುರುಸಿದ್ದಯ್ಯನವರು ಒಂದು ಕಾಲಿಗೆ ಶೂ, ಇನ್ನೊಂದು ಬರಿಗಾಲಿನಲ್ಲಿ ಡ್ರೈವರ್ ಪಕ್ಕ ಹತ್ತಿಕೊಂಡರು.

ಏನೂ ಆಗಲ್ಲ, ಕಣ್ಣು ಬಿಡಿ, ನನ್ನ ಜೊತೆ ಮಾತಾಡ್ತಾ ಇರಿ ಎಂದು ಜ್ಯೋತಿಲಕ್ಷ್ಮಿ ಅವಳ ಕೆನ್ನೆ ತಟ್ಟುತ್ತಿದ್ದಳು. ಕಲಾ ಕಣ್ಣು ಬಿಟ್ಟು ಅವಳನ್ನೇ ನೋಡಿದಳು.

“ಈ ವಾಯ್ಸು... ನೀವು ಜ್ಯೋತಿ ಮೇಡಂ ಅಲ್ವಾ?”

ಬೇರೆ ಯಾರೋ ಎಂದುಬಿಡಬಹುದಿತ್ತು. ಅವಳು ತಲೆಯಾಡಿಸಿದಳು.

“ನನಗೋಸ್ಕರ ಅಲ್ಲಿಂದ ಬಂದ್ರಾ?” ಎಂದಳು ಕಲಾ. ಅವಳ ಒಣಗಿದ ತುಟಿಯಲ್ಲಿ ನಗುವಿನಂಥದು ಮೂಡಿತು. ಮತ್ತೆ ಹೊಟ್ಟೆ ಹಿಡಿದುಕೊಂಡು ಮುದುಡಿಕೊಂಡಳು.

ಮುಖ್ಯರಸ್ತೆಯ ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿಯಲ್ಲಿದ್ದವಳು ಎಳೆಯ ವಯಸ್ಸಿನ ಡಾಕ್ಟರು. ಕಹಿ ಸೋರೆಕಾಯಿ ರಸ, ಒಂದು ಲೋಟ, ಆರೂಕಾಲರ ಸುಮಾರಿಗೆ ಎಂದು ಜ್ಯೋತಿಲಕ್ಷ್ಮಿ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರ ಕೈ ಚುರುಕಾಯಿತು. ಬಿ.ಪಿ. ಎಪ್ಪತ್ತೆಂಟು. ಎರಡೂ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಬಾಟಲಿ ಏರಿಸಿದರು. ಇದಕ್ಕೆ ಬೇರೆ ಮದ್ದಿಲ್ಲ, ಬಿ.ಪಿ. ಏರಬೇಕು, ರಕ್ತ ನಿಲ್ಲಬೇಕು, ಕಾಯಬೇಕು ಎಂದಳು ಡಾಕ್ಟರು. ಮುದುಕರು ಕುಡಿದಿದ್ದರೆ ಇಲ್ಲಿಯವರೆಗೆ ತರುವಷ್ಟು ಹೊತ್ತೂ ಇರುತ್ತಿರಲಿಲ್ಲವೇನೋ ಎಂದೂ ಹೇಳಿದಳು. ಆಮೇಲೆ ಚೀಟಿ ಬರೆಯುತ್ತಾ, ಬೇಸರದಿಂದ ಕೇಳಿದಳು.

“ಕಹಿ ಅಂತ ಗೊತ್ತಿದ್ದೂ ಕುಡಿಯೋಕೆ ಯಾರ್ರೀ ಹೇಳಿದ್ದು ನಿಮಗೆ?”

ಜ್ಯೋತಿಲಕ್ಷ್ಮಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಕಲಾ ಹೇಳಿದಳು, “ಯಾರೂ ಇಲ್ಲ ಡಾಕ್ಟ್ರೇ. ನಾನೇ.” ಹೇಳಿ, ಹಾಸಿಗೆಯ ಮೇಲಿದ್ದ ಜ್ಯೋತಿಲಕ್ಷ್ಮಿಯ ಬೆರಳನ್ನು ಮೆಲ್ಲಗೆ ಒತ್ತಿದಳು, ನೀವು ಹೆದರಬೇಡಿ ಎನ್ನುವ ಹಾಗೆ.

ಒಂಬತ್ತರವರೆಗೆ ಅವಳು ಅಲ್ಲಿಯೇ ನಿಂತಿದ್ದಳು. ಮುನಿರಾಜು ಮೂರು ಸಲ ಫೋನು ಮಾಡಿದ, ಎತ್ತಲಿಲ್ಲ. ಬಿ.ಪಿ. ತೋರಿಸುವ ಪರದೆಯ ಮೇಲೆ ಎಂಬತ್ತು ಇದ್ದದ್ದು ಎಂಬತ್ತಾರಾಯಿತು, ಮತ್ತೆ ಎಂಬತ್ತೊಂದಕ್ಕೆ ಇಳಿಯಿತು. ಅದು ಇಳಿದಾಗಲೆಲ್ಲ ಅವಳು ಒಂದು ಮಾತು ಕೊಡುತ್ತಿದ್ದಳು: ಇವಳು ಉಳಿದರೆ ಎಲ್ಲ ಹೇಳುತ್ತೇನೆ, ಗುಂಪಿನಲ್ಲಿ ಬರೆಯುತ್ತೇನೆ, ನನ್ನ ತಪ್ಪು ಎಂದು ಬರೆಯುತ್ತೇನೆ. ಯಾರಿಗೆ ಕೊಡುತ್ತಿದ್ದಾಳೆಂದು ತಿಳಿಯದೆ ಕೊಡುತ್ತಿದ್ದಳು. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ತೊಂಬತ್ತನಾಲ್ಕಾಯಿತು, ಇಳಿಯಲಿಲ್ಲ. ವಾಂತಿ ನಿಂತಿತ್ತು. ನರ್ಸು ಬಂದು, ಪರವಾಗಿಲ್ಲ, ಇನ್ನು ಹೆದರಿಕೆಯಿಲ್ಲ ಎಂದಳು.

ಚನ್ನಮಲ್ಲಪ್ಪ ಬಂದದ್ದು ಆಗ. ಖಾಕಿ ಅಂಗಿ, ಕೈಯಲ್ಲಿ ವ್ಯಾನಿನ ಬೀಗದ ಕೈ. ಮನೆಗೆ ಹೋಗಿ ಕಲಾಳ ಫೋನನ್ನೂ ತಂದಿದ್ದ. ಅಪ್ಪನಿಂದ ಎಲ್ಲ ಕೇಳಿ, ಹೆಂಡತಿಯ ಕಾಲ ಹತ್ತಿರ ನಿಂತು ಗ್ಲೂಕೋಸ್ ಬಾಟಲಿಯನ್ನೂ ಅವಳ ಮುಖವನ್ನೂ ನೋಡಿದ. ಹೆದರಿದವನಿಗೆ ಹೆದರಿಕೆ ಇಳಿದ ಮೇಲೆ ಬರುವ ಸಿಟ್ಟು ಬಂತು.

“ಆ ಗುಂಪಿನವ್ರ ಮಾತು ಕೇಳ್ಕೊಂಡು ಏನೇನೋ ಮಾಡ್ಬೇಡ ಅಂತ ಎಷ್ಟು ಸಲ ಹೇಳಿವ್ನಿ. ಯಾರದು ಹೇಳಿದ್ದು? ತೋರ್ಸು, ಅವ್ರ ಮನೆ ಬಾಗಿಲಿಗೇ ಹೋಗ್ತೀನಿ.”

ಅವನೇ ಫೋನು ತೆರೆದ. ಜ್ಯೋತಿಲಕ್ಷ್ಮಿ ಒಂದು ಹೆಜ್ಜೆ ಮುಂದೆ ಬಂದಳು. ಈಗ ಹೇಳಬೇಕು, ಅವನು ಓದುವ ಮೊದಲು ಹೇಳಬೇಕು ಎಂದುಕೊಂಡಳು. ಅವನು ಓದಿದ. ಮತ್ತೊಮ್ಮೆ ಓದಿದ. ಅವನ ಮುಖದ ಸಿಟ್ಟು ಅಲ್ಲಿಂದ ಎದ್ದು ಹಾಸಿಗೆಯ ಕಡೆ ತಿರುಗಿತು.

“ಇಲ್ ನೋಡೇ. ವಿಷ, ಕುಡೀಬೇಡಿ, ಚೆಲ್ಲಿಬಿಡಿ ಅಂತ ಬರೆದವ್ರೆ. ಐದು ಐವತ್ತಕ್ಕೇ ಬರೆದವ್ರೆ. ನಿನ್ನ ಹೆಸ್ರು ಹಾಕಿ ಬರೆದವ್ರಲ್ಲೇ. ಕೇಳೋದು ನೀನು, ಉತ್ರ ನೋಡ್ದಂಗೆ ಕುಡಿಯೋದೂ ನೀನು. ಅಪ್ಪನ್ನ ಕಳ್ಕೋತಿದ್ನಲ್ಲೇ ಇವತ್ತು.”

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಕಲಾ ಫೋನಿಗಾಗಿ ಕೈ ಚಾಚಿದಳು. ಸೂಜಿ ಚುಚ್ಚಿದ ಕೈಯ ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ತನ್ನ ಪ್ರಶ್ನೆ ಇತ್ತು. ಅದರ ಕೆಳಗೆ ಎಚ್ಚರಿಕೆ ಇತ್ತು. ನಡುವೆ ಇರಬೇಕಾದದ್ದು ಇರಲಿಲ್ಲ. ಹೆಬ್ಬೆರಳು ಆ ಖಾಲಿ ಜಾಗದ ಮೇಲೆ ನಿಂತಿತು.

ಅವಳು ತಲೆಯೆತ್ತಿ ಜ್ಯೋತಿಲಕ್ಷ್ಮಿಯನ್ನು ನೋಡಿದಳು. ಆಟೋದಲ್ಲಿ ನೋಡಿದ ನೋಟವಲ್ಲ ಅದು. ಸಿಟ್ಟೂ ಇರಲಿಲ್ಲ. ಅಂಗಡಿಯಲ್ಲಿ ಕೊಂಡ ವಸ್ತುವನ್ನು ಮನೆಗೆ ತಂದು ಬಿಚ್ಚಿದವರು ನೋಡುವಂತೆ ನೋಡಿದಳು. ಆಮೇಲೆ ಫೋನನ್ನು ಬೋರಲು ಮಾಡಿ ಹೊಟ್ಟೆಯ ಮೇಲಿಟ್ಟುಕೊಂಡಳು.

“ಹೂಂ ಕಣ್ರೀ. ನಾನು ನೋಡ್ಲಿಲ್ಲ,” ಎಂದು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದಳು.

ಆಟೋದಲ್ಲಿ ಕೇಳಿದ ಜ್ಯೋತಿ ಮೇಡಂ ಎಂಬ ಹೆಸರನ್ನು ಅಪ್ಪ ಹೇಳಿದ್ದರು, ಫೋನಿನಲ್ಲೂ ಅದೇ ಹೆಸರು ಕಂಡಿದ್ದ ಚನ್ನಮಲ್ಲಪ್ಪ ಜ್ಯೋತಿಲಕ್ಷ್ಮಿಗೆ ಕೈ ಮುಗಿದ. ಬರೆದದ್ದೂ ಅಲ್ಲದೆ ಹುಡುಕಿಕೊಂಡು ಬಂದಿರಲ್ಲ ಅಕ್ಕ, ಇವಳ ದಡ್ಡತನಕ್ಕೆ ನೀವು ಓಡಾಡಬೇಕಾಯಿತು ಎಂದ. ಟೀ ತರುತ್ತೇನೆ, ಕುಡಿಯದೆ ಹೋಗಕೂಡದು ಎಂದ. ಅವಳು ಕಲಾಳ ಬೆನ್ನನ್ನು ನೋಡುತ್ತಿದ್ದಳು. ಉಸಿರಿಗೆ ಆ ಬೆನ್ನು ಏರಿಳಿಯುತ್ತಿತ್ತು. ಒಂದು ಮಾತು, ನಾಲ್ಕು ಪದ ಸಾಕಿತ್ತು. ಪದಗಳನ್ನು ಅವಳು ಜೋಡಿಸಿಯೂ ಇದ್ದಳು. ಚನ್ನಮಲ್ಲಪ್ಪ ಟೀ ತರಲು ಬಾಗಿಲು ದಾಟುವವರೆಗೂ ಅವು ನಾಲಗೆಯ ತುದಿಯಲ್ಲಿಯೇ ಇದ್ದವು. ಅವನು ದಾಟಿದ.

ಹೊರಗೆ ಕಾರಿಡಾರಿನಲ್ಲಿ ಗುರುಸಿದ್ದಯ್ಯನವರು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಅವಳು ಬಂದದ್ದು ಕಂಡು ಅತ್ತ ಸರಿದರು.

“ನಿಂತೇ ಇದ್ದೀಯಲ್ಲವ್ವ ಬೆಳಗಿಂದ. ಕೂತ್ಕೋ.”

ಮುನಿರಾಜುವಿಗೆ ಹೇಳುವುದಿಲ್ಲ ಎಂದುಕೊಂಡಳು. ಗುಂಪಿನಲ್ಲಿ ಬರೆಯುವುದಿಲ್ಲ. ಯಾರಿಗೂ ಹೇಳುವುದಿಲ್ಲ. ಹಾಗೆಂದುಕೊಂಡ ಮೇಲೆ ಎದೆ ಹಗುರಾಗುತ್ತದೆಂದು ಕಾದಳು.

ಗುರುಸಿದ್ದಯ್ಯನವರು ಹೆಗಲ ಮೇಲಿನ ಟವೆಲ್ ತೆಗೆದು ಬೆಂಚನ್ನು ಒರೆಸುತ್ತಿದ್ದರು. ಮೂಲೆಯಲ್ಲಿ ಯಾರೋ ಚೆಲ್ಲಿದ ಕಾಫಿಯ ಕಲೆ ಅಂಟಿಕೊಂಡಿತ್ತು. ಅವರು ಬಗ್ಗಿ, ಉಗುರಿನಿಂದ ಅದನ್ನು ಕೆರೆದು, ಮತ್ತೊಮ್ಮೆ ಒರೆಸಿ, ಅವಳಿಗೆ ಜಾಗ ತೋರಿಸಿದರು.

ಅವಳು ಕೂತಳು.